ಓದುಗರ ಪ್ರಶ್ನೆಗೆ ಉತ್ತರ: ಮುತ್ತಿಗೆಯ ನಡುವೆ ನುಡಿದ ಹೊಸ ಒಡಂಬಡಿಕೆ

ಪ್ರವಾದಿ ಯೆರೆಮೀಯನನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಬೀದರ್, ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ಅವುಗಳಲ್ಲಿ ಹೆಚ್ಚಿನವು ದೇವರ ನ್ಯಾಯತೀರ್ಪು ಮತ್ತು ದೇವರ ನಂಬಿಗಸ್ತಿಕೆ ಒಂದೇ ಗ್ರಂಥದಲ್ಲಿ ಹೇಗೆ ಹೊಂದಿಕೊಂಡಿವೆ ಎಂಬುದನ್ನೇ ಕೇಳುತ್ತವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ (ಬೀದರ್ ನಗರದ ಓದುಗರೊಬ್ಬರು): ಹಳೆಯ ಒಡಂಬಡಿಕೆಯಲ್ಲಿ ದೇವರು ಪಟ್ಟಣಗಳನ್ನು ಶತ್ರುಗಳ ಕೈಗೆ ಒಪ್ಪಿಸುತ್ತಾನೆ, ಜನರನ್ನು ಸೆರೆಗೆ ಕಳುಹಿಸುತ್ತಾನೆ. ಯೇಸು ಕ್ರಿಸ್ತನಲ್ಲಿ ಅದೇ ದೇವರು ಕ್ಷಮಿಸುತ್ತಾನೆ. ಹಾಗಾದರೆ ಹೊಸ ಒಡಂಬಡಿಕೆ ಎಂದರೆ ದೇವರು ತನ್ನ ಕೋಪವನ್ನು ಬಿಟ್ಟು ಬೇರೊಂದು ರೀತಿಯಲ್ಲಿ ಆರಂಭಿಸಿದನು ಎಂದು ತಿಳಿಯಬಹುದೇ?

ಉತ್ತರ: ಈ ಪ್ರಶ್ನೆಯನ್ನು ಎರಡನೆಯ ಶತಮಾನದಲ್ಲೇ ಒಬ್ಬನು ಎತ್ತಿದ್ದನು. ನಿಮ್ಮಂತೆ ಕೇಳಿ ನಿಲ್ಲದೆ ಅವನು ಉತ್ತರವನ್ನೂ ತೀರ್ಮಾನಿಸಿಬಿಟ್ಟನು. ಕಪ್ಪು ಸಮುದ್ರದ ದಂಡೆಯ ಸಿನೋಪೆ ಪಟ್ಟಣದ ಮಾರ್ಸಿಯನ್ ಎಂಬಾತನು ಇಸ್ರಾಯೇಲರ ದೇವರು ಬೇರೆ, ಯೇಸುವಿನ ತಂದೆಯಾದ ದೇವರು ಬೇರೆ ಎಂದು ಬೋಧಿಸಿ, ಹಳೆಯ ಒಡಂಬಡಿಕೆಯನ್ನು ಪೂರ್ತಿಯಾಗಿ ಕೈಬಿಟ್ಟು, ಲೂಕನ ಸುವಾರ್ತೆಯನ್ನು ತನಗೆ ಬೇಕಾದಂತೆ ಕತ್ತರಿಸಿ, ಪೌಲನ ಹತ್ತು ಪತ್ರಿಕೆಗಳನ್ನು ಮಾತ್ರ ಉಳಿಸಿಕೊಂಡನು. ರೋಮಿನ ಸಭೆ ಕ್ರಿ.ಶ. 144ರಲ್ಲಿ ಅವನನ್ನು ಹೊರಗೆ ಹಾಕಿತು. ನಮ್ಮ ಕಡೆಯ ಕೆಲವು ಪ್ರಸಂಗಗಳನ್ನು ಕೇಳಿದಾಗ, ಮನುಷ್ಯನನ್ನು ಹೊರಗೆ ಹಾಕಿದಷ್ಟು ಸುಲಭವಾಗಿ ಅವನ ವಿಚಾರವನ್ನು ಹಾಕಲು ಆಗಲಿಲ್ಲವೇನೋ ಎಂದು ನನಗೆ ಅನಿಸುವುದುಂಟು.

ಒಡಂಬಡಿಕೆ ಎಂದರೆ ದೇವರು ತನ್ನ ಜನರೊಂದಿಗೆ ಮಾಡಿಕೊಳ್ಳುವ ಒಪ್ಪಂದ; ಬೈಬಲಿನ ಎರಡು ಭಾಗಗಳಿಗೂ ಅದೇ ಹೆಸರು ಬಂದಿದೆ. ಹೊಸ ಒಡಂಬಡಿಕೆ ಎಂಬ ಮಾತು ಮೊದಲು ಕಾಣಿಸಿಕೊಳ್ಳುವುದೇ ಯೆರೆಮೀಯನ 31ನೆಯ ಅಧ್ಯಾಯದಲ್ಲಿ, 31ರಿಂದ 34ರ ವರೆಗಿನ ವಚನಗಳಲ್ಲಿ. ಅದರ ಪಕ್ಕದಲ್ಲೇ ಇರುವ 32ನೆಯ ಅಧ್ಯಾಯವನ್ನು ಓದಿದರೆ ಆ ಮಾತು ಎಂಥ ನೆರೆಯಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಪಟ್ಟಣ ಬಿದ್ದೇ ಬೀಳುತ್ತದೆ ಎಂದು ಸಾರಿದ್ದಕ್ಕಾಗಿ ಪ್ರವಾದಿಯನ್ನು ಅರಸನಾದ ಚಿದ್ಕೀಯನು ಕಾವಲಿನವರ ಅಂಗಳದಲ್ಲಿ ಸೆರೆಯಿಟ್ಟಿದ್ದಾನೆ. ಅಲ್ಲಿಗೆ ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೊಳ್ಳಬೇಕೆಂದು ಕೇಳುತ್ತಾನೆ. ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು, ಸಾಕ್ಷಿಗಳ ಎದುರಿನಲ್ಲಿ ಸಹಿ ಹಾಕಿ, ಮುದ್ರೆಯಿಟ್ಟ ಪತ್ರವನ್ನೂ ತೆರೆದ ಪ್ರತಿಯನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿ ಇಡಲು ತನ್ನ ಬರಹಗಾರನಾದ ಬಾರೂಕನಿಗೆ ಒಪ್ಪಿಸುತ್ತಾನೆ. ಶತ್ರುವಿನ ದಂಡು ಬೀಡುಬಿಟ್ಟಿರುವ ಸೀಮೆಯ ಹೊಲಕ್ಕೆ ಖರೀದಿಪತ್ರ! ಪಹಣಿ, ಮ್ಯುಟೇಶನ್‌ಗಳ ಗೋಜು ಬಲ್ಲ ನಮ್ಮ ಯಾವ ರೈತನೂ ಇಂಥ ವ್ಯವಹಾರಕ್ಕೆ ಕೈ ಹಾಕಲಾರ. ಪಟ್ಟಣ ಉಳಿಯದು ಎಂದು ದೇವರ ಹೆಸರಿನಲ್ಲಿ ಹೇಳಿದವನೇ, ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಾತೋಟಗಳ ಕ್ರಯವಿಕ್ರಯ ನಡೆಯುವುದು ಎಂದು ಅದೇ ದೇವರ ಹೆಸರಿನಲ್ಲಿ ಹಣ ಕಟ್ಟಿದನು. ನ್ಯಾಯತೀರ್ಪು ಮುಗಿದ ಮೇಲೆ ಕರುಣೆಯ ದೇವರೊಬ್ಬನು ಹೊಸದಾಗಿ ಬಂದನೆಂದು ಇಲ್ಲಿ ಹೇಳುವಂತಿಲ್ಲ, ಏಕೆಂದರೆ ಎರಡು ಮಾತುಗಳೂ ಒಂದೇ ಬಾಯಿಂದ, ಒಂದೇ ಸೆರೆಮನೆಯಿಂದ, ಒಂದೇ ಕಾಲದಲ್ಲಿ ಹೊರಟಿವೆ.

ಆ ಕೋಪ ಯಾವುದರ ಮೇಲೆ ಎಂಬುದನ್ನೂ ನೋಡಬೇಕು. 34ನೆಯ ಅಧ್ಯಾಯವನ್ನು ನಮ್ಮ ಸಭೆಗಳಲ್ಲಿ ಓದುವುದು ಕಡಿಮೆ. ಮುತ್ತಿಗೆ ಬಿಗಿಯಾದಾಗ ಚಿದ್ಕೀಯನೂ ಯೆರೂಸಲೇಮಿನ ದೊಡ್ಡ ಮನುಷ್ಯರೂ ತಮ್ಮ ಇಬ್ರಿಯ ದಾಸದಾಸಿಯರನ್ನೆಲ್ಲ ಬಿಡುಗಡೆ ಮಾಡುವುದಾಗಿ ದೇವರ ಆಲಯದಲ್ಲಿ ಕರುವನ್ನು ಸೀಳಿ, ಅದರ ಹೋಳುಗಳ ನಡುವೆ ಹಾದು ಒಡಂಬಡಿಕೆ ಮಾಡಿಕೊಂಡರು. ಐಗುಪ್ತದ ಸೈನ್ಯ ಹೊರಟಿದೆ ಎಂಬ ಸುದ್ದಿಗೆ ಬಾಬೆಲಿನವರು ಸ್ವಲ್ಪ ಕಾಲ ಹಿಂದೆ ಸರಿದದ್ದೇ ತಡ, ಬಿಟ್ಟವರನ್ನೆಲ್ಲ ಮತ್ತೆ ಹಿಡಿದು ದುಡಿಮೆಗೆ ಹಚ್ಚಿದರು. ಅವರಿಗೆ ಬಂದ ತೀರ್ಪು ಕಠೋರವಾದದ್ದು: ನೀವು ಸೀಳಿದ ಕರುವಿನ ಗತಿಯೇ ನಿಮಗೆ. ಜೀತ ಪದ್ಧತಿಯನ್ನು ಕಾನೂನಿನಿಂದ ರದ್ದುಪಡಿಸಲು ನಮ್ಮ ದೇಶ 1976ರ ವರೆಗೆ ಕಾಯಬೇಕಾಯಿತು. ಸಾಲದ ಲೆಕ್ಕಕ್ಕೆ ತಲೆಮಾರುಗಳನ್ನೇ ಕಟ್ಟಿಹಾಕಿದ ಮನೆಗಳ ಕಥೆ ಗೊತ್ತಿರುವ ಓದುಗರು ಈ ಅಧ್ಯಾಯದ ಕೋಪವನ್ನು ಒರಟು ಸ್ವಭಾವ ಎಂದು ಕರೆಯುವ ಮುನ್ನ ಆ ದಾಸಿಯರ ಕಡೆಯಿಂದ ಒಮ್ಮೆ ಓದಬೇಕೆಂಬುದು ನನ್ನ ಬಿನ್ನಹ.

ಹೋಳುಗಳ ನಡುವೆ ಹಾಯುವ ಈ ಆಚಾರ ಆದಿಕಾಂಡದ 15ನೆಯ ಅಧ್ಯಾಯದಲ್ಲೂ ಇದೆ, ಆದರೆ ಅಲ್ಲಿ ಅದು ಬೇರೆ ರೀತಿ ನಡೆಯುತ್ತದೆ. ಅಬ್ರಾಮನು ಗಾಢನಿದ್ರೆಯಲ್ಲಿದ್ದಾನೆ, ಹೋಳುಗಳ ನಡುವೆ ಹಾದುಹೋಗುವುದು ಹೊಗೆಯಾಡುವ ಒಲೆ ಮತ್ತು ಉರಿಯುವ ದೀವಟಿಗೆ ಮಾತ್ರ. ಮಾತು ಮುರಿದರೆ ಆಗುವ ಶಿಕ್ಷೆಯ ಆಣೆಯನ್ನು ದೇವರು ತನ್ನ ಮೇಲೆಯೇ ತೆಗೆದುಕೊಂಡನೆಂದು ಅನೇಕ ವ್ಯಾಖ್ಯಾನಕಾರರು ಇದನ್ನು ಅರ್ಥಮಾಡಿದ್ದಾರೆ, ಮತ್ತು ಕ್ರೈಸ್ತರು ಶಿಲುಬೆಯನ್ನು ಕುರಿತು ಯೋಚಿಸುವಾಗ ಈ ರಾತ್ರಿಯನ್ನು ನೆನೆಯುವುದು ಸಹಜವಾಗಿದೆ. ಸೀನಾಯಿಯಲ್ಲಿ ಜನರು ಯೆಹೋವನ ಮಾತುಗಳನ್ನೆಲ್ಲ ಅನುಸರಿಸುವೆವೆಂದು ಒಕ್ಕೊರಲಿನಿಂದ ಒಪ್ಪಿಕೊಂಡರು. ಮೋಶೆ ಬೆಟ್ಟದಿಂದ ಇಳಿಯುವಷ್ಟರಲ್ಲಿ ಚಿನ್ನದ ಬಸವ ಎದ್ದು ನಿಂತಿತ್ತು. ಆ ಒಡಂಬಡಿಕೆಯಲ್ಲಿ ಮುರಿದುಹೋದದ್ದು ಒಂದೇ ಕಡೆ, ಜನರ ಕಡೆ. ಆದುದರಿಂದಲೇ ಯೆರೆಮೀಯನ ವಾಗ್ದಾನ ಆ ಕಡೆಯನ್ನೇ ಮುಟ್ಟುತ್ತದೆ: ಕಲ್ಲಿನ ಹಲಗೆಗಳ ಮೇಲಿದ್ದ ಧರ್ಮೋಪದೇಶವನ್ನು ದೇವರು ಅವರ ಹೃದಯದಲ್ಲೇ ಬರೆಯುವನು, ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಆತನನ್ನು ಅರಿಯುವರು, ಅವರ ಅಪರಾಧವನ್ನು ಆತನು ಕ್ಷಮಿಸುವನು. ಬರೆಯುವ ಜಾಗ ಬದಲಾಯಿತು. ಬರೆಯುವವನು ಬದಲಾಗಲಿಲ್ಲ, ಬರೆಯುವ ಧರ್ಮವೂ ಬದಲಾಗಲಿಲ್ಲ.

ಪ್ರಶ್ನೆ (ಭಾಲ್ಕಿ ತಾಲ್ಲೂಕಿನ ರೈತ ಓದುಗರು): ಅತಿಮಳೆಯಿಂದ ನಮ್ಮ ಸೋಯಾ ಮತ್ತು ಉದ್ದು ಹೊಲದಲ್ಲೇ ಕೊಳೆಯಿತು. ಪ್ರಾರ್ಥನಾ ಕೂಟಕ್ಕೆ ಬಂದ ಬೋಧಕರೊಬ್ಬರು ಇದು ಈ ಊರಿನ ಪಾಪಕ್ಕೆ ದೇವರ ತೀರ್ಪು ಎಂದರು. ಧರ್ಮೋಪದೇಶಕಾಂಡದ 28ನೆಯ ಅಧ್ಯಾಯವನ್ನು ಆಧಾರವಾಗಿ ತೋರಿಸಿದರು. ಇದು ಸರಿಯೇ?

ಉತ್ತರ: ಸರಿಯಲ್ಲ. ಆ ಅಧ್ಯಾಯದ ಆಶೀರ್ವಾದಗಳೂ ಶಾಪಗಳೂ ಒಂದು ನಿರ್ದಿಷ್ಟ ಜನಾಂಗ ಒಂದು ನಿರ್ದಿಷ್ಟ ದೇಶದಲ್ಲಿ ಬಾಳುವುದಕ್ಕಾಗಿ ಕಟ್ಟಿಕೊಂಡ ಒಡಂಬಡಿಕೆಯ ಭಾಗ. ಅದರಿಂದ ಒಂದು ಸೂತ್ರವನ್ನು ಕಿತ್ತು ತೆಗೆದು ಭಾಲ್ಕಿಯ ಹವಾಮಾನಕ್ಕೆ ಅನ್ವಯಿಸುವ ಅಧಿಕಾರವನ್ನು ಯಾರೂ ಆ ಬೋಧಕರಿಗೆ ಕೊಟ್ಟಿಲ್ಲ. ಇಸ್ರಾಯೇಲಿನಲ್ಲಿಯೂ ಆ ಸೂತ್ರವನ್ನು ವ್ಯಕ್ತಿಗಳ ಮೇಲೆ ತಿರುಗಿಸುವುದನ್ನು ಗ್ರಂಥವೇ ತಡೆಯುತ್ತದೆ. ಯೋಬನ ಮೂವರು ಗೆಳೆಯರು ಅಧ್ಯಾಯದ ಮೇಲೆ ಅಧ್ಯಾಯವಾಗಿ ನಿಮ್ಮ ಬೋಧಕರ ವಾದವನ್ನೇ ಮಂಡಿಸುತ್ತಾರೆ, ಮತ್ತು ಕೊನೆಗೆ ಅವರು ತನ್ನ ವಿಷಯವಾಗಿ ಸರಿಯಾಗಿ ಮಾತಾಡಲಿಲ್ಲವೆಂದು ದೇವರು ಅವರ ಮೇಲೆಯೇ ಕೋಪಿಸಿಕೊಳ್ಳುತ್ತಾನೆ.

ಲೂಕನ 13ನೆಯ ಅಧ್ಯಾಯದ ಆರಂಭವನ್ನು ಅವರಿಗೆ ತೋರಿಸಿರಿ. ಪಿಲಾತನು ಯಜ್ಞದ ವೇಳೆಯಲ್ಲೇ ಕೊಲ್ಲಿಸಿದ ಗಲಿಲಾಯದವರ ಸುದ್ದಿಯನ್ನು ತಂದವರಿಗೆ ಯೇಸು, ಸತ್ತವರು ಉಳಿದ ಗಲಿಲಾಯದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ನೆನಸುತ್ತೀರೋ ಎಂದು ಕೇಳಿ, ಇಲ್ಲವೆಂದು ತಾನೇ ಉತ್ತರ ಕೊಡುತ್ತಾನೆ. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿಯ ವಿಷಯದಲ್ಲಿಯೂ ಅದೇ ಪ್ರಶ್ನೆ, ಅದೇ ಉತ್ತರ. ಬಳಿಕ ಆತನು ಕೇಳುವವರ ಕಡೆಗೇ ತಿರುಗಿ, ನೀವು ಮನಸ್ಸು ತಿರುಗಿಸಿಕೊಳ್ಳಿರಿ ಎನ್ನುತ್ತಾನೆ. ಅಂದರೆ ದುರಂತವನ್ನು ಕಂಡವನು ತನ್ನನ್ನು ಪರೀಕ್ಷಿಸಿಕೊಳ್ಳಬಹುದು, ನೊಂದವನ ಪಾಪವನ್ನು ಎಣಿಸಲು ಮಾತ್ರ ಅವನಿಗೆ ಅನುಮತಿಯಿಲ್ಲ. ಬೆಳೆ ವಿಮೆಯ ಅರ್ಜಿಗೆ ನಿಮಗೆ ಯಾರಾದರೂ ನೆರವಾಗಿದ್ದರೆ, ಅವರು ಆ ಕೂಟದ ಬೋಧನೆಗಿಂತ ಒಳ್ಳೆಯ ಬೋಧನೆಯನ್ನೇ ಮಾಡಿದ್ದಾರೆ.

ಪ್ರಶ್ನೆ (ಹುಮನಾಬಾದಿನ ಓದುಗರೊಬ್ಬರು): ನಮ್ಮ ತಾಯಿಯವರು ಬಹಳ ವರ್ಷಗಳಿಂದ ಕರ್ತನ ಭೋಜನದಲ್ಲಿ (ಯೇಸುವಿನ ನೆನಪಿಗಾಗಿ ರೊಟ್ಟಿಯನ್ನೂ ಪಾತ್ರೆಯ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಆರಾಧನೆಯಲ್ಲಿ) ಪಾಲು ತೆಗೆದುಕೊಳ್ಳುತ್ತಿಲ್ಲ. ಅಯೋಗ್ಯವಾಗಿ ತಿಂದು ಕುಡಿದವರು ನ್ಯಾಯತೀರ್ಪಿಗೆ ಗುರಿಯಾಗುವರೆಂಬ ವಚನಕ್ಕೆ ಹೆದರಿ, ಉಳಿದವರು ಮುಂದೆ ಹೋಗುವಾಗ ಅವರು ಹಿಂದಿನ ಸಾಲಿನಲ್ಲೇ ಕುಳಿತಿರುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ತಾಯಿಯವರಂಥವರು ನಮ್ಮ ಹಳ್ಳಿಯ ಸಭೆಗಳಲ್ಲಿ ಅನೇಕರಿದ್ದಾರೆ, ಮತ್ತು ಸಾಮಾನ್ಯವಾಗಿ ಅವರು ಸಭೆಯ ಅತ್ಯಂತ ಪ್ರಾಮಾಣಿಕ ಜನ. ಹೆದರಬೇಕಾದವರು ನಿಶ್ಚಿಂತೆಯಿಂದ ಮುಂದೆ ಹೋಗುತ್ತಾರೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯವನ್ನು 27ನೆಯ ವಚನದಿಂದ ಓದುವ ರೂಢಿಯೇ ಈ ತೊಂದರೆಗೆ ಕಾರಣವಾಗಿದೆ. 17ನೆಯ ವಚನದಿಂದ ಓದಿರಿ. ಕೊರಿಂಥದ ವಿಶ್ವಾಸಿಗಳು ಕೂಡಿಬಂದಾಗ ಅನುಕೂಲವಂತರು ತಾವು ತಂದದ್ದನ್ನು ತಾವೇ ಮೊದಲು ತಿಂದುಬಿಡುತ್ತಿದ್ದರು. ಒಬ್ಬನು ಹಸಿದೇ ಇದ್ದನು, ಇನ್ನೊಬ್ಬನು ಕುಡಿದು ಮತ್ತನಾಗಿದ್ದನು. ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರೋ ಎಂದು ಪೌಲನು ಕೇಳುತ್ತಾನೆ. ಮದುವೆಯ ಊಟದ ಪಂಕ್ತಿಯಲ್ಲಿ ಯಾರು ಮೊದಲು, ಯಾರು ಕೊನೆಗೆ, ಯಾರು ಬೇರೆಯಾಗಿ ಎಂಬ ಲೆಕ್ಕವನ್ನು ಕಂಡು ಬೆಳೆದ ನಮಗೆ ಕೊರಿಂಥ ದೂರದ ಊರಲ್ಲ. ಅಯೋಗ್ಯವಾಗಿ ತಿನ್ನುವುದು ಎಂದು ಪೌಲನು ಕರೆದದ್ದು ಮೊದಲಿಗೆ ಇದನ್ನು, ಅಂದರೆ ಬಡ ಸಹೋದರನನ್ನು ಕಡೆಗಣಿಸಿ ಕರ್ತನ ಮೇಜಿನಲ್ಲಿ ಕುಳಿತುಕೊಳ್ಳುವುದನ್ನು. ಇದಕ್ಕೆ ಅವನು ಕೊಡುವ ಪರಿಹಾರವೂ ಸರಳವಾಗಿದೆ: ಊಟಕ್ಕೆ ಕೂಡಿಬಂದಾಗ ಒಬ್ಬರಿಗೊಬ್ಬರು ಕಾದುಕೊಳ್ಳಿರಿ.

ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದು 28ನೆಯ ವಚನ ಹೇಳುತ್ತದೆ. ಪರೀಕ್ಷಿಸಿಕೊಂಡು ದೂರವಿರಲಿ ಎಂದು ಹೇಳುವುದಿಲ್ಲ. 32ನೆಯ ವಚನವಂತೂ ಕರ್ತನ ತೀರ್ಪು ನಮ್ಮನ್ನು ತಿದ್ದುವ ಶಿಕ್ಷೆಯೆಂದೂ, ಲೋಕದೊಂದಿಗೆ ಅಪರಾಧಿಗಳೆಂದು ಎಣಿಸಲ್ಪಡದಂತೆ ಅದು ಬರುತ್ತದೆಂದೂ ತಿಳಿಸುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು ಆ ಪಾತ್ರೆಯನ್ನು ಮೊದಲ ಸಲ ಯಾರ ಕೈಗೆ ಕೊಡಲಾಯಿತು ಎಂಬುದು. ಲೂಕನ 22ನೆಯ ಅಧ್ಯಾಯದಲ್ಲಿ, ಈ ಪಾತ್ರೆ ನಿಮಗಾಗಿ ಸುರಿಸಲ್ಪಡುವ ನನ್ನ ರಕ್ತದಿಂದ ಸ್ಥಾಪಿತವಾಗುವ ಹೊಸ ಒಡಂಬಡಿಕೆ ಎಂದು ಯೇಸು ಹೇಳಿದ ಮರುವಚನದಲ್ಲೇ ತನ್ನನ್ನು ಹಿಡಿದುಕೊಡುವವನ ಕೈ ಮೇಜಿನ ಮೇಲಿದೆ ಎನ್ನುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಶಿಷ್ಯರು ತಮ್ಮಲ್ಲಿ ಯಾರು ದೊಡ್ಡವರೆಂದು ಜಗಳಕ್ಕೆ ಬೀಳುತ್ತಾರೆ. ಆ ರಾತ್ರಿ ಕೋಳಿ ಕೂಗುವ ಮೊದಲು ಪೇತ್ರನು ಮೂರು ಸಾರಿ ಅಲ್ಲಗಳೆಯುತ್ತಾನೆ. ನಂಬಿಗಸ್ತರಿಗೆ ಮಾತ್ರ ಆ ಪಾತ್ರೆಯನ್ನು ಕೊಡಬೇಕಾಗಿದ್ದರೆ ಆ ಮೇಜಿನಲ್ಲಿ ಅದು ಯಾರ ಕೈಗೂ ಹೋಗುತ್ತಿರಲಿಲ್ಲ. ನಿಮ್ಮ ತಾಯಿಯವರ ಪಕ್ಕದಲ್ಲಿ ಕುಳಿತು ಈ ಅಧ್ಯಾಯವನ್ನು ಗಟ್ಟಿಯಾಗಿ ಓದಿರಿ. ಆಮೇಲೆ ಒತ್ತಾಯ ಮಾಡದೆ, ಮುಂದಿನ ಭೋಜನದ ದಿನ ಅವರ ಜೊತೆಗೆ ಎದ್ದು ಹೋಗಿರಿ.

ಪ್ರಶ್ನೆ (ಬಸವಕಲ್ಯಾಣದ ಓದುಗರು): ಇಬ್ರಿಯರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದ 13ನೆಯ ವಚನ ಮೊದಲಿನ ಒಡಂಬಡಿಕೆ ಹಳೆಯದಾಗಿ ಅಳಿದುಹೋಗಲಿದೆ ಎನ್ನುತ್ತದೆ. ಹಾಗಿದ್ದರೆ ಹಳೆಯ ಒಡಂಬಡಿಕೆಯ ಪುಸ್ತಕಗಳೂ ಯೆಹೂದ್ಯ ಜನರೂ ತಳ್ಳಲ್ಪಟ್ಟರೇ?

ಉತ್ತರ: ಎರಡಕ್ಕೂ ಇಲ್ಲ ಎಂಬುದೇ ಉತ್ತರ. ಆ ವಚನದ ಮುಂಚೆ 8ರಿಂದ 12ರ ವರೆಗೆ ಯೆರೆಮೀಯನ ವಾಗ್ದಾನ ಪೂರ್ತಿಯಾಗಿ ಉದ್ಧರಿಸಲ್ಪಟ್ಟಿದೆ. ಇಡೀ ಹೊಸ ಒಡಂಬಡಿಕೆಯಲ್ಲಿ ಹಳೆಯದರಿಂದ ತೆಗೆದ ಅತಿ ಉದ್ದದ ಉದ್ಧರಣೆ ಇದೇ. ಹಳೆಯ ಪುಸ್ತಕವನ್ನು ಎಸೆಯಬೇಕೆಂದು ಹೇಳುವವನು ಅದರ ಮೇಲೆಯೇ ತನ್ನ ವಾದವನ್ನೆಲ್ಲ ಕಟ್ಟುವುದಿಲ್ಲ. ಅಲ್ಲಿ ಹಳೆಯದಾಯಿತೆಂದು ಹೇಳಿರುವುದು ಲೇವಿಯರ ಯಾಜಕತ್ವ ಮತ್ತು ಪುನಃಪುನಃ ಸಲ್ಲಿಸಬೇಕಾದ ಯಜ್ಞಗಳ ವ್ಯವಸ್ಥೆಯನ್ನು ಕುರಿತು. ನಂಬಿಗಸ್ತಿಕೆಗೆ ಮಾದರಿ ಬೇಕಾದಾಗ 11ನೆಯ ಅಧ್ಯಾಯದಲ್ಲಿ ಲೇಖಕನು ಹೇಬೆಲನಿಂದ ಪ್ರವಾದಿಗಳ ವರೆಗೆ ಕರೆಯುವುದು ಹಳೆಯ ಒಡಂಬಡಿಕೆಯ ಜನರನ್ನೇ.

ಯೆಹೂದ್ಯರ ವಿಷಯದಲ್ಲಿ ಯೆರೆಮೀಯನ ಮುಂದಿನ ವಚನಗಳೇ ಸ್ಪಷ್ಟವಾಗಿವೆ: ಸೂರ್ಯ, ಚಂದ್ರ, ನಕ್ಷತ್ರಗಳ ಕಟ್ಟಳೆ ತಪ್ಪಿಹೋದರೆ ಮಾತ್ರ ಇಸ್ರಾಯೇಲ್ ಸಂತತಿ ಜನಾಂಗವಾಗಿ ಉಳಿಯುವುದು ತಪ್ಪೀತು. ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಪೌಲನು ಅನ್ಯಜನರಿಂದ ಬಂದ ವಿಶ್ವಾಸಿಗಳನ್ನು, ಅಂದರೆ ನಮ್ಮನ್ನು, ಕಾಡು ಎಣ್ಣೇಮರದ ಕೊಂಬೆಗಳೆಂದು ಕರೆದು, ಕಸಿಮಾಡಲ್ಪಟ್ಟ ಕೊಂಬೆ ಬೇರಿನ ಮುಂದೆ ಹೆಚ್ಚಳಪಡಬಾರದು ಎನ್ನುತ್ತಾನೆ. ಸಭೆಯ ಚರಿತ್ರೆಯಲ್ಲಿ ಈ ಎಚ್ಚರಿಕೆಯನ್ನು ಮೀರಿದ್ದರಿಂದ ಆದ ಹಿಂಸೆ ಸಣ್ಣದಲ್ಲ. ಯೆಹೂದ್ಯರನ್ನು ದೇವರು ತಳ್ಳಿಬಿಟ್ಟವರು ಅಥವಾ ಶಪಿಸಿದವರು ಎಂದು ಚಿತ್ರಿಸಬಾರದೆಂದು ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಘೋಷಿಸಿತು. ಅದು ಅಷ್ಟು ತಡವಾಗಿ ಬಂದದ್ದೇ ಒಂದು ದುಃಖದ ಸಂಗತಿ.

ಪ್ರಶ್ನೆ (ಶಹಾಪುರದ ಓದುಗರು): ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ, ನಾವು ಆತನನ್ನು ಅಲ್ಲಗಳೆದರೆ ಆತನೂ ನಮ್ಮನ್ನು ಅಲ್ಲಗಳೆಯುವನು ಎಂದಿದೆ. ಮುಂದಿನ ವಚನದಲ್ಲೇ ನಾವು ಅಪನಂಬಿಗಸ್ತರಾದರೂ ಆತನು ನಂಬಿಗಸ್ತನಾಗಿರುವನು ಎಂದಿದೆ. ಇವು ಒಂದಕ್ಕೊಂದು ವಿರುದ್ಧವಲ್ಲವೇ?

ಉತ್ತರ: ಆತನು ನಂಬಿಗಸ್ತನಾಗಿರುವನೆಂಬ ಮಾತನ್ನೂ ಎಚ್ಚರಿಕೆಯೆಂದೇ ಕೆಲವರು ಓದುತ್ತಾರೆ, ಅಂದರೆ ದೇವರು ತನ್ನ ತೀರ್ಪಿನ ಮಾತಿಗೂ ನಂಬಿಗಸ್ತನು ಎಂದು. ವಾಕ್ಯದ ಕೊನೆ, ಆತನು ತನ್ನ ಸ್ವಭಾವಕ್ಕೆ ವಿರೋಧವಾಗಿ ನಡೆಯಲಾರನು ಎಂಬ ಮಾತು, ಸಾಂತ್ವನದ ಕಡೆಗೇ ಹೆಚ್ಚು ವಾಲುತ್ತದೆಂಬುದು ನನ್ನ ಅಭಿಪ್ರಾಯ. ಆತನನ್ನು ಬೇಡವೆಂದು ಕೊನೆಯ ವರೆಗೂ ಹೇಳುವವನಿಗೆ ಅವನು ಕೇಳಿದ್ದೇ ಸಿಗುತ್ತದೆ. ಬೇಕೆನ್ನುತ್ತಲೇ ಎಡವುವವನನ್ನು ಆತನು ಬಿಡುವುದಿಲ್ಲ. ಮೂರು ಸಾರಿ ಅಲ್ಲಗಳೆದ ಪೇತ್ರನನ್ನು ಮೂರು ಸಾರಿ ಪ್ರೀತಿಯನ್ನು ಕುರಿತು ಕೇಳಿ ಕುರಿಗಳನ್ನು ಒಪ್ಪಿಸಿದ್ದು ಯೋಹಾನನ 21ನೆಯ ಅಧ್ಯಾಯದಲ್ಲಿದೆ. ಜಾನ್ ವೆಸ್ಲಿಯವರು 1755ರಲ್ಲಿ ಆರಂಭಿಸಿದ, ದೇವರಿಗೆ ಕೊಟ್ಟ ಮಾತನ್ನು ನವೀಕರಿಸುವ ಒಡಂಬಡಿಕೆಯ ಆರಾಧನೆಯನ್ನು ಮೆಥೋಡಿಸ್ಟ್ ಪರಂಪರೆಯವರು ಇಂದಿಗೂ ಸಾಮಾನ್ಯವಾಗಿ ಹೊಸ ವರ್ಷದ ಮೊದಲಲ್ಲಿ ನಡೆಸುವುದು, ಕಳೆದ ವರ್ಷದ ಮಾತನ್ನು ನಾವು ಪೂರ್ತಿಯಾಗಿ ಉಳಿಸಿಕೊಳ್ಳಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದಲೇ.

ಪ್ರಶ್ನೆ (ಔರಾದಿನ ಶಿಕ್ಷಕಿಯೊಬ್ಬರು): ನ್ಯಾಯತೀರ್ಪು ಎಂದರೆ ನಮಗೆ ಭಯ. ಆದರೆ 96ನೆಯ ಕೀರ್ತನೆಯಲ್ಲಿ ಯೆಹೋವನು ನ್ಯಾಯತೀರಿಸಲು ಬರುತ್ತಾನೆಂದು ಹೊಲಗಳೂ ವನದ ಮರಗಳೂ ಉತ್ಸಾಹಧ್ವನಿ ಮಾಡುತ್ತವೆ. ಇದು ಹೇಗೆ?

ಉತ್ತರ: ನ್ಯಾಯಾಲಯಕ್ಕೆ ನಾವು ಯಾರಾಗಿ ಹೋಗುತ್ತೇವೆ ಎಂಬುದರ ಮೇಲೆ ಇದು ನಿಂತಿದೆ. ಕೀರ್ತನೆಗಾರನು ಅಲ್ಲಿಗೆ ಹೋಗುವುದು ಬಹುತೇಕ ದೂರು ಕೊಡುವವನಾಗಿ, ತನ್ನ ಭಾಗವನ್ನು ಕಳೆದುಕೊಂಡವನಾಗಿ. ಲೂಕನ 18ನೆಯ ಅಧ್ಯಾಯದ ವಿಧವೆ ನ್ಯಾಯಾಧಿಪತಿಯ ಬಾಗಿಲಿಗೆ ಎಡತಾಕುವುದು ತೀರ್ಪಿಗೆ ಹೆದರಿಯಲ್ಲ, ತೀರ್ಪು ಸಿಗದೇ ಇರುವುದರಿಂದ.

ಮನುಷ್ಯರ ತೀರ್ಪು ಎಷ್ಟು ದೂರ ತಪ್ಪಬಹುದು ಎಂಬುದಕ್ಕೆ ಬೀದರಿನವರಿಗೆ ದೂರದ ಉದಾಹರಣೆ ಬೇಕಿಲ್ಲ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನನನ್ನು, ಅವನ ಮುದ್ರೆಯಿದ್ದ ಒಂದು ಕೃತಕ ಪತ್ರವನ್ನು ನಂಬಿ, ಸುಲ್ತಾನ ಮೂರನೆಯ ಮುಹಮ್ಮದ್ ಷಾ 1481ರಲ್ಲಿ ಕೊಲ್ಲಿಸಿದನು. ಸತ್ಯ ತಿಳಿದಾಗ ಸುಲ್ತಾನನಿಗೆ ಪಶ್ಚಾತ್ತಾಪವಾಯಿತು. ಮರುವರ್ಷ ಅವನೂ ತೀರಿಕೊಂಡನು. ಮುದ್ರೆ ನಿಜವಾದದ್ದು, ಪತ್ರ ಸುಳ್ಳು. ನ್ಯಾಯಾಧಿಪತಿಗೆ ಮುದ್ರೆಯಾಚೆ ನೋಡಲು ಆಗಲಿಲ್ಲ. ಯೆರೆಮೀಯನ 17ನೆಯ ಅಧ್ಯಾಯದ 10ನೆಯ ವಚನ ಹೃದಯವನ್ನು ಪರೀಕ್ಷಿಸುವವನೆಂದು ದೇವರನ್ನು ಕರೆಯುವಾಗ ಅಪರಾಧಿಗೆ ನಡುಕ ಹುಟ್ಟುವುದು ಸರಿಯೇ, ಆದರೆ ಸುಳ್ಳು ದೂರಿಗೆ ಸಿಕ್ಕಿದವನಿಗೆ ಅದಕ್ಕಿಂತ ದೊಡ್ಡ ಭರವಸೆ ಇಲ್ಲ. ನಮ್ಮಲ್ಲಿ ಪ್ರತಿಯೊಬ್ಬರೂ ಒಂದೊಂದು ವಿಷಯದಲ್ಲಿ ಒಂದೊಂದು ಕಡೆ ನಿಂತಿರುವುದರಿಂದ ಭಯವೂ ಸಂತೋಷವೂ ಒಟ್ಟಿಗೇ ಇರುತ್ತವೆ. ಕ್ರಿಸ್ತನ ನ್ಯಾಯಾಸನದ ಮುಂದೆ ಎಲ್ಲರೂ ನಿಲ್ಲಬೇಕೆಂದು ಪೌಲನು ಬರೆದದ್ದು ಕ್ಷಮೆ ಹೊಂದಿದ ಜನರಿಗೇ. ಕ್ಷಮೆ ಸಿಕ್ಕಿತೆಂದು ಮಾಡಿದ್ದೆಲ್ಲ ನಡೆದೇ ಇಲ್ಲವೆಂಬಂತಾಗುವುದಿಲ್ಲ. ಅನ್ಯಾಯಕ್ಕೊಳಗಾದವರ ಮುಂದೆ ಸತ್ಯ ಹೊರಬರಲೇಬೇಕು.

ಪ್ರಶ್ನೆ (ಕಲಬುರಗಿಯ ಕಾಲೇಜು ವಿದ್ಯಾರ್ಥಿ): ಯೆರೆಮೀಯನ ಪುಸ್ತಕವನ್ನು ಮೊದಲಿನಿಂದ ಓದಲು ಪ್ರಯತ್ನಿಸಿದೆ. ಅರಸರ ಹೆಸರುಗಳು ಹಿಂದುಮುಂದಾಗಿ ಬಂದು ಗೊಂದಲವಾಯಿತು. ಯಾವ ಕ್ರಮದಲ್ಲಿ ಓದಬೇಕು?

ಉತ್ತರ: ಗೊಂದಲ ನಿಮ್ಮದಲ್ಲ, ಅಧ್ಯಾಯಗಳು ಕಾಲಕ್ರಮದಲ್ಲಿಲ್ಲ. ಹಳೆಯ ಗ್ರೀಕ್ ಅನುವಾದದಲ್ಲಿ ಈ ಪುಸ್ತಕದ ಸುಮಾರು ಎಂಟರಲ್ಲಿ ಒಂದು ಭಾಗ ಇಲ್ಲ, ಅಧ್ಯಾಯಗಳ ಜೋಡಣೆಯೂ ಬೇರೆಯಾಗಿದೆ. ಮೊದಲು 1ನೆಯ ಅಧ್ಯಾಯದಲ್ಲಿ ಪ್ರವಾದಿಯ ಕರೆಯನ್ನೂ 26ನೆಯದರಲ್ಲಿ ದೇವಾಲಯದ ಅಂಗಳದ ಪ್ರಸಂಗವನ್ನೂ ಓದಿರಿ. ನಂತರ 36ನೆಯದು: ಯೆಹೋಯಾಕೀಮ ಅರಸನು ಪ್ರವಾದನೆಯ ಸುರುಳಿಯನ್ನು ಕತ್ತಿಯಿಂದ ಕೊಯ್ದು ಕೊಯ್ದು ಬೆಂಕಿಗೆ ಹಾಕುತ್ತಾನೆ, ಬಾರೂಕನು ಎಲ್ಲವನ್ನೂ ಮತ್ತೆ ಬರೆಯುತ್ತಾನೆ. ಯೆರೂಸಲೇಮಿನ ಜನರನ್ನು ಬಾಬೆಲಿಗೆ ಒಯ್ದ ಕ್ರಿ.ಪೂ. 597ರ ಮೊದಲ ಸೆರೆಯ ಬಳಿಕ ನಡೆದದ್ದು 24, 27, 28 ಮತ್ತು 29ರಲ್ಲಿದೆ. ಮುತ್ತಿಗೆಯ ದಿನಗಳಿಗೆ 34, 37, 38 ಮತ್ತು 32ನ್ನು ಓದಿ, ಅನಂತರ 30, 31 ಮತ್ತು 33ಕ್ಕೆ ಬನ್ನಿರಿ; ಪಟ್ಟಣದ ಪತನ 39ರಲ್ಲಿದೆ. 52ನೆಯ ಅಧ್ಯಾಯದ ಕೊನೆಯಲ್ಲಿ ಸೆರೆಯಲ್ಲಿದ್ದ ಅರಸ ಯೆಹೋಯಾಖೀನನು ಬಾಬೆಲಿನ ಅರಸನ ಪಂಕ್ತಿಯಲ್ಲಿ ಊಟ ಮಾಡುತ್ತಾನೆ. ಅವನ ಪಾಲಿನ ಎಣ್ಣೆಯ ಲೆಕ್ಕವನ್ನು ಬರೆದಿಟ್ಟ ಮಣ್ಣಿನ ಹಲಗೆಗಳು ಬಾಬೆಲಿನ ಅವಶೇಷಗಳಲ್ಲಿ ಸಿಕ್ಕಿ, 1939ರಲ್ಲಿ ಪ್ರಕಟವಾಗಿವೆ.